ಬೇಡಿ ತಂದ ಅರಿವೆಯ ಲಂಗ

ಮಗಳಿಗೆ ಮೂರು ವರ್ಷ ತುಂಬುತ್ತಿದ್ದಂತೆ ಅತ್ತೆ ಹರಕೆಯ ಮಾತು ತೆಗೆದರು. ಹರಕೆ ಹೊತ್ತವರು ಅವರು, ಹೊಲಿಯಬೇಕಾದವಳು ನಾನು. ಜವಳ ತೆಗೆಸುವ ದಿನ ಕೂಸಿಗೆ ಐದು ಮನೆಗಳಿಂದ ಬೇಡಿ ತಂದ ಹಳೇ ಅರಿವೆಯ ಲಂಗ ಹಾಕಬೇಕು. ಭಿಕ್ಷೆಯ ಬಟ್ಟೆ ತೊಟ್ಟ ಕೂಸಿನ ಮೇಲೆ ಯಾರ ಕಣ್ಣೂ ಬೀಳುವುದಿಲ್ಲ, ಸಾವು ಕೂಡ ಗತಿಯಿಲ್ಲದವರ ಕೂಸೆಂದು ಬಿಟ್ಟು ಮುಂದೆ ಹೋಗುತ್ತದೆ ಎಂಬುದು ಅವರ ನಂಬಿಕೆ. ಸಾವು ಬಡವರ ಮನೆ ಬಿಟ್ಟು ಮುಂದೆ ಹೋದದ್ದನ್ನು ನಾನಂತೂ ನೋಡಿಲ್ಲ. ಆದರೆ ಇವಳಿಗಿಂತ ಮುಂಚೆ ನನಗೆ ಇಬ್ಬರು ಹುಟ್ಟಿದ್ದರು, ಇಬ್ಬರೂ ಉಳಿಯಲಿಲ್ಲ. ಹಾಗಾಗಿ ವಾದಕ್ಕೆ ಇಳಿಯದೆ ಮಿಷಿನ್ನಿಗೆ ಎಣ್ಣೆ ಬಿಟ್ಟೆ.

ಸವಣೂರಿನ ನಮ್ಮ ಓಣಿಗೆಲ್ಲ ಜಂಪರು ಹೊಲಿದು ಕೊಡುವವಳು ನಾನು. ಮನೆ ತುಂಬ ತುಂಡು ಅರಿವೆ ಬಿದ್ದಿರುತ್ತವೆ. ಅವುಗಳಲ್ಲಿ ಒಂದನ್ನೂ ಮುಟ್ಟುವಂತಿರಲಿಲ್ಲ. ಸಾಲದ್ದಕ್ಕೆ ಅತ್ತೆ ಇನ್ನೊಂದು ಕಟ್ಟಳೆ ಇಟ್ಟರು.

"ಮಕ್ಕಳಾದ ಮನಿ ಅರಿವಿನ ಆಗಬೇಕ ನೋಡು."

ಅವರು ಹಾಗೆನ್ನುವಾಗ ಮಗ್ಗುಲ ಮನೆಯ ಅಕ್ಕ ನಮ್ಮ ಪಡಸಾಲೆಯಲ್ಲೇ ಕುಳಿತು ಮಗಳಿಗೆ ಹಾಲಿನಲ್ಲಿ ರೊಟ್ಟಿ ಮುರಿದು ಕಲಸುತ್ತಿದ್ದಳು. ಅವಳಿಗೆ ಮಕ್ಕಳಿಲ್ಲ. ನಾನು ಮಿಷಿನ್ ತುಳಿಯುವಷ್ಟು ಹೊತ್ತೂ ಕೂಸನ್ನು ನೋಡಿಕೊಂಡವಳು ಅವಳೇ. ಮಗಳು ಮೊದಲು ಹೆಜ್ಜೆ ಇಟ್ಟದ್ದನ್ನು ಕೂಡ ನಾನು ಕಂಡದ್ದಲ್ಲ, ಅವಳು ಓಡಿ ಬಂದು ಹೇಳಿದ್ದು. ನನಗೆ ಸಿಟ್ಟು ನೆತ್ತಿಗೇರಿತು.

"ಅಕ್ಕಾನ ಮನಿಂದನ ಮೊದಲ ತರ್ತೇನಿ" ಎಂದೆ.

ಅತ್ತೆ ಬಾಯಿ ತೆರೆಯುವ ಮುಂಚೆ ಅಕ್ಕನೇ ಅಂದಳು. "ಬ್ಯಾಡವಾ. ನಮ್ಮನಿ ಅರಿವಿ ಕೂಸಿನ ಮೈಮ್ಯಾಲೆ ಬ್ಯಾಡ. ನಾಳೆ ಏನಾರ ಆದ್ರ ನಾ ಬದುಕೂದಿಲ್ಲ."

ಅತ್ತೆಯ ಜೊತೆ ಜಗಳವಾಡಲು ನನಗೆ ಚೆನ್ನಾಗಿ ಬರುತ್ತದೆ. ಇವಳ ಜೊತೆ ಬರುವುದಿಲ್ಲ.

ಸೆರಗೊಡ್ಡಿಕೊಂಡು ಐದು ಮನೆ ತಿರುಗಿದೆ. ಕಿರಾಣಿ ಅಂಗಡಿಯ ಚಾಚಿ ಮಗಳ ಮದುವೆಯ ಹಸಿರು ದುಪಟ್ಟಾ ಹರಿದು ಕೊಟ್ಟು, "ನಿನ್ನ ಬೇಟಿ ನೂರ ವರ್ಷ ಬಾಳಲಿ" ಎಂದರು. ಬಸ್ ಕಂಡಕ್ಟರನ ಹೆಂಡತಿ ಗಂಡನ ಖಾಕಿ ಪ್ಯಾಂಟಿನ ಒಂದು ಕಾಲು ಕೊಟ್ಟಳು, ಕಿಸೆ ಸಮೇತ. ಒಂದು ಮನೆಯಲ್ಲಿ ನೈಟಿ, ಇನ್ನೊಂದರಲ್ಲಿ ಬಾಗಿಲ ಪರದೆ ಸಿಕ್ಕಿತು. ಕೊನೆಯವರು ಇಳಕಲ್ ಸೀರೆಯ ಚೂರಿನ ಜೊತೆಗೆ, ತಮ್ಮ ಜಂಪರು ಇನ್ನೂ ಆಗಿಲ್ಲವೆಂಬ ದೂರನ್ನೂ ಉಡಿಗೆ ಹಾಕಿದರು.

ಎಲ್ಲವನ್ನೂ ಉದ್ದುದ್ದ ಪಟ್ಟಿಗಳಾಗಿ ಕತ್ತರಿಸಿ, ಒಂದಕ್ಕೊಂದು ಜೋಡಿಸಿ, ಸೊಂಟದ ಕಡೆ ಮಡಚಿ ಲಾಡಿ ಪೋಣಿಸಿದೆ. ದುಪಟ್ಟಾ ಸೂಜಿಯ ಕೆಳಗೆ ನಿಲ್ಲಲೊಲ್ಲದು, ಖಾಕಿ ಬಗ್ಗಲೊಲ್ಲದು. ನಿರಿಗೆಗಳೆಲ್ಲ ಹಸಿರಿನ ಕಡೆ ಸೇರಿಕೊಂಡವು. ಜವಳದ ದಿನ ಬೋಳು ತಲೆ, ಖಾಕಿ ಪಟ್ಟಿಯ ಲಂಗದಲ್ಲಿ ಮಗಳು ರಿಟೈರಾದ ಹವಾಲ್ದಾರನ ಹಾಗೆ ಕಂಡಳು. ಯಾರ ಕಣ್ಣೂ ಬೀಳಲಾರದು ಎಂಬ ಅತ್ತೆಯ ಮಾತು ನನಗೂ ಆಗ ನಿಜವೆನಿಸಿತು.

ಆ ದಿನ ಕಳೆದರೂ ಮಗಳು ಲಂಗ ಬಿಡಲಿಲ್ಲ. ಅರಿವೆ ಕೊಟ್ಟವರೆಲ್ಲ ಅವಳನ್ನು ಕರೆದು, ತಮ್ಮ ಪಟ್ಟಿ ಮುಂದಿದೆಯೋ ಹಿಂದಿದೆಯೋ ನೋಡಿ, "ಇದು ನಮ್ಮನಿದು" ಎಂದು ಕೈಗೆ ಏನಾದರೂ ಇಟ್ಟು ಕಳಿಸುತ್ತಿದ್ದರು. ಮಗಳಿಗೆ ವ್ಯವಹಾರ ಬೇಗ ತಿಳಿಯಿತು. ಚಾಚಿಯ ಬಾಗಿಲಲ್ಲಿ ಹಸಿರು ಹಿಡಿದು ತೋರಿಸಿದರೆ ಖಾರಸೇವು, ಕಂಡಕ್ಟರನ ಬಾಗಿಲಲ್ಲಿ ಖಾಕಿ ಹಿಡಿದರೆ ಶೇಂಗಾ. ಲಂಗ ಒಗೆಯಲು ಬಿಚ್ಚಿಕೊಡು ಎಂದರೆ ಕಿರುಚುತ್ತಿದ್ದಳು.

ಒಂದು ಸಂಜೆ ನಾನೂ ಅತ್ತೆಯೂ ಕಟ್ಟೆಯ ಮೇಲೆ ಕುಳಿತಿದ್ದೆವು. ಅಕ್ಕ ತಟ್ಟೆ ಹಿಡಿದು ತನ್ನ ಬಾಗಿಲಿಗೆ ಬಂದು, "ಬಾ ನನ್ನ ಬಂಗಾರ, ರೊಟ್ಟಿ ಕಲಸೇನಿ" ಎಂದು ಕರೆದಳು. ಮಗಳು ಓಡಿದವಳು ಹೊಸ್ತಿಲ ಮುಂದೆ ನಿಂತುಬಿಟ್ಟಳು. ಲಂಗವನ್ನು ಸೊಂಟದ ಸುತ್ತ ತಿರುಗಿಸುತ್ತ ಪಟ್ಟಿ ಪಟ್ಟಿಯನ್ನೂ ನೋಡಿದಳು. ಅಕ್ಕನ ಸೀರೆ ನೋಡಿದಳು. ಮತ್ತೆ ಲಂಗ ನೋಡಿದಳು.

"ನಿಂದ ಇಲ್ಲ" ಎಂದು ಹೇಳಿ ಹೊಳ್ಳಿ ಬಂದಳು.

"ಹೌದವಾ, ನಂದ ಇಲ್ಲ" ಎಂದು ಅಕ್ಕ ನಗಲು ನೋಡಿದಳು. ಆಗಲಿಲ್ಲ. ತಟ್ಟೆ ಹಿಡಿದುಕೊಂಡು ಅಲ್ಲೇ ನಿಂತಳು.

ಅತ್ತೆ ಎದ್ದರು. ಮಂಡಿನೋವಿನವರು, ಎದ್ದರೆ ಓಣಿಗೆಲ್ಲ ಕೇಳುವ ಹಾಗೆ ನರಳುವವರು. ಅವತ್ತು ಸದ್ದಿಲ್ಲದೆ ಅಕ್ಕನ ಬಾಗಿಲಿಗೆ ಹೋಗಿ ಎರಡೂ ಕೈಯಿಂದ ಸೆರಗೊಡ್ಡಿದರು.

"ಅವ್ವಾರ, ಏನ್ ಮಾಡಾಕತ್ತೀರಿ? ನನ್ನ ಕೈಲಿಂದ ಬ್ಯಾಡ್ರಿ" ಎಂದಳು ಅಕ್ಕ.

"ನನ್ನ ಮೊಮ್ಮಗಳು ಬೆಳದದ್ದು ಈ ಮನ್ಯಾಗ. ಬೇಡಾಕ ಬಂದೇನಿ. ಹೊಳ್ಳಿ ಕಳಸಬ್ಯಾಡ."

ಅಕ್ಕ ತಟ್ಟೆ ಕೆಳಗಿಟ್ಟಳು. ಅರಿವೆ ಹುಡುಕಲು ಒಳಗೆ ಹೋಗಲಿಲ್ಲ, ಉಟ್ಟ ಸೀರೆಯನ್ನೇ ಹಲ್ಲಿನಿಂದ ಕಚ್ಚಿದಳು. ಲಂಗಕ್ಕೆ ಒಂದು ಪಟ್ಟಿ ಸಾಕಿತ್ತು. ಅವಳು ಸೆರಗು ಪೂರ್ತಿ ಹರಿದು ಕೊಟ್ಟಳು.