ಶಿವಮ್ಮನ ರೊಟ್ಟಿ ಟ್ರೈಲರ್

ಕೊರೊನಾ ಗಲಾಟೆ ಮುಗಿದು, ಹೈದರಾಬಾದಿನ ನಾರಾಯಣಗೂಡದ ಕೋಚಿಂಗ್ ಸೆಂಟರ್‌ಗಳು ಮತ್ತೆ ಹುಡುಗರಿಂದ ತುಂಬಿಕೊಂಡ ವರ್ಷ ಅದು. ನನ್ನ ಯಜಮಾನರು ತೀರಿಕೊಂಡು ಸ್ವಲ್ಪ ಕಾಲವಾಗಿತ್ತು. ಡಿಫೆನ್ಸ್ ಫ್ಯಾಕ್ಟರಿಯಿಂದ ರಿಟೈರ್ ಆದ ಮೇಲೆ ಅವರು ಮಲ್ಕಾಜ್‌ಗಿರಿಯ ನಮ್ಮ ಮನೆಯ ಪಕ್ಕದಲ್ಲೇ ಹೂಗಿಡಗಳ ನರ್ಸರಿ ಮಾಡಿಕೊಂಡಿದ್ದರು. ಗಿಡ ಸಾಗಿಸಲು ಒಂದು ಪಿಕಪ್ ಇತ್ತು. ಅವರು ಹೋದ ಮೇಲೆ ಗಿಡಗಳು ಒಣಗಿದವು, ಪಿಕಪ್ ಗೇಟಿನೊಳಗೆ ನಿಂತುಬಿಟ್ಟಿತು. ಹಳೆಯ ಡ್ರೈವರ್ ನರಸಿಂಹುಲು ಆಗಾಗ ಬಂದು ಸ್ಟಾರ್ಟ್ ಮಾಡಿ, "ಬ್ಯಾಟರಿ ಇಂಕಾ ಬತಿಕೇ ಉಂದಮ್ಮಾ" ಎಂದು, ಬ್ಯಾಟರಿಗೆ ಇನ್ನೂ ಜೀವ ಇದೆಯೆಂಬ ಸಮಾಚಾರ ಕೊಟ್ಟು ಹೋಗುತ್ತಿದ್ದ.

ನಮ್ಮ ಹಿಂದಿನ ಔಟ್‌ಹೌಸಿನಲ್ಲಿ ಶಿವಮ್ಮ ಇದ್ದಳು. ಲಿಂಗಸುಗೂರು ಕಡೆಯವಳು, ನಲವತ್ತರ ಹತ್ತಿರದ ವಯಸ್ಸು. ಗಂಡನ ಜೊತೆ ಕಟ್ಟಡದ ಕೆಲಸಕ್ಕೆ ಹೈದರಾಬಾದಿಗೆ ಬಂದವಳು. ಅವನು ಬೇರೆ ಸಂಸಾರ ಹೂಡಿದ ಮೇಲೆ ಒಬ್ಬಳೇ ಉಳಿದಳು. ಸಂಜೆ ಹೊತ್ತು ನಾರಾಯಣಗೂಡದ ಫುಟ್‌ಪಾತಿನಲ್ಲಿ ಜೋಳದ ರೊಟ್ಟಿ ಬಡಿದು ಮಾರುತ್ತಿದ್ದಳು. ರಾಯಚೂರು, ಕಲಬುರಗಿಯಿಂದ ಓದಲು ಬಂದ ಹುಡುಗರು, ಶುಗರ್ ಇರುವ ತೆಲುಗು ಗಂಡಸರು, ಎಲ್ಲರೂ ಅವಳ ಮುಂದೆ ಸಾಲು ನಿಲ್ಲುತ್ತಿದ್ದರು. ನಾನು ಮೈಸೂರಿನ ಕಾನ್ವೆಂಟಿನಲ್ಲಿ ಓದಿದವಳು, ಬ್ರೆಡ್ ಜಾಮ್ ಅಭ್ಯಾಸ. ಜೋಳದ ರೊಟ್ಟಿ ಏನೆಂದು ಕಲಿತದ್ದೇ ಈ ಊರಿಗೆ ಬಂದ ಮೇಲೆ. ಆದರೆ ಶಿವಮ್ಮನ ಬಲಗೈ ಹಲಗೆಯ ಮೇಲೆ ತಟ್ಟುತ್ತಾ ತಿರುಗುತ್ತಾ ಹೋಗುವುದನ್ನು, ಒಂದು ಹಿಡಿ ಹಿಟ್ಟು ನೋಡನೋಡುತ್ತ ತೆಳ್ಳಗೆ ಅಗಲವಾಗುವುದನ್ನು ನೋಡುತ್ತಾ ಕೂತರೆ ನನಗೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ಪಿಯಾನೋ ನುಡಿಸುವವರ ಕೈ ಹಾಗಿರುತ್ತದೆ.

ಒಂದು ಸಂಜೆ ಬರಿಗೈಯಲ್ಲಿ ಮನೆಗೆ ಬಂದಳು. ಫುಟ್‌ಪಾತ್ ಖಾಲಿ ಮಾಡಿಸುವವರು ಲಾರಿ ತಂದು ಅವಳ ಒಲೆ, ಹಲಗೆ, ಪಾತ್ರೆ ಎಲ್ಲವನ್ನೂ ಎತ್ತಿಹಾಕಿಕೊಂಡು ಹೋಗಿದ್ದರು.

"ಬಿಸಿ ಹಂಚ ಸೈತ ಬಿಡಲಿಲ್ಲರಿ ಅಮ್ಮೋರ. ಮ್ಯಾಲೆ ರೊಟ್ಟಿ ಇತ್ತು. ರೊಟ್ಟಿ ಸಮೇತ ಒಯ್ದ್ರು. ಹಸದಿದ್ರೋ ಏನೋ" ಎಂದಳು. ನಕ್ಕಳು, ಆಮೇಲೆ ಗೋಡೆಗೆ ಒರಗಿ ಕೂತುಬಿಟ್ಟಳು. "ಮತ್ತ ಸಿಮೆಂಟ್ ಬುಟ್ಟಿ ಹೊರಾಕ ಹೋಗಬೇಕು. ಬೆನ್ನು ಕೇಳಂಗಿಲ್ಲ."

ಆ ರಾತ್ರಿ ನನಗೆ ಹೊಳೆದ ಐಡಿಯಾ ಅದು. ಲಾರಿ ಬರುವ ಮೊದಲು ನಾವೇ ಅಂಗಡಿಯನ್ನು ಎಳೆದುಕೊಂಡು ಹೊರಟುಬಿಟ್ಟರೆ? ಪಿಕಪ್ಪಿನ ಹಿಂದೆ ಒಂದು ಟ್ರೈಲರ್. ಸಂಜೆ ಅದನ್ನು ಅಲ್ಲಿ ನಿಲ್ಲಿಸಿ, ನರಸಿಂಹುಲು ಪಿಕಪ್ ತೆಗೆದುಕೊಂಡು ತನ್ನ ಬಾಡಿಗೆ ನೋಡಿಕೊಳ್ಳಬಹುದು. ರಾತ್ರಿ ಬಂದು ಹುಕ್ ಮಾಡಿಕೊಂಡು ಮನೆಗೆ. ಅಂಗಡಿಗೆ ಅಂಗಡಿ, ಗಾಡಿಗೆ ಗಾಡಿ.

ಹೋಮ್‌ವರ್ಕ್ ಅಂದರೆ ನನಗೆ ಈಗಲೂ ಹುಚ್ಚು. ಕನ್ನಡಕ ಏರಿಸಿ ಮೊಬೈಲಿನಲ್ಲಿ ವಿಡಿಯೋ ನೋಡಿದೆ. ಟೋಪಿ ಹಾಕಿದ ಅಮೆರಿಕದ ಗಂಡಸರು ಹಿಚ್ ಬಗ್ಗೆ, ಅಂದರೆ ಗಾಡಿಗೆ ಟ್ರೈಲರ್ ಸಿಕ್ಕಿಸುವ ಕೊಂಡಿಯ ಬಗ್ಗೆ, ಧರ್ಮೋಪದೇಶದ ಹಾಗೆ ಮಾತಾಡುತ್ತಿದ್ದರು. ಕೊಂಡಿಯನ್ನು ಬಂಪರಿಗೆ ಬೆಸೆಯಬಾರದು, ಚಾಸಿಗೇ ಬೋಲ್ಟ್ ಮಾಡಬೇಕು. ಪಿಕಪ್ಪಿನ ಉಕ್ಕಿನ ಗುಂಡೂ ಟ್ರೈಲರಿನ ಬಟ್ಟಲೂ ಒಂದೇ ಅಳತೆಯವು ಇರಬೇಕು. ಜೊತೆಗೆ ಸೇಫ್ಟಿ ಚೈನು. ಎಲ್ಲಕ್ಕಿಂತ ಮುಖ್ಯ, ಟ್ರೈಲರಿನೊಳಗಿನ ಭಾರ ಚಕ್ರಗಳಿಗಿಂತ ಸ್ವಲ್ಪ ಮುಂದೆ, ಪಿಕಪ್ಪಿನ ಕಡೆಗೆ ಇರಬೇಕು. ಹಿಂದೆ ಹೆಚ್ಚಾದರೆ ಟ್ರೈಲರ್ ಓಡುವಾಗ ಬಾಲ ಆಡಿಸುತ್ತದೆ. ಒಮ್ಮೆ ಆಡಲು ಶುರುವಾದರೆ ಮುಗಿಯಿತು.

ಜೀಡಿಮೆಟ್ಲಾದ ಒಂದು ವೆಲ್ಡಿಂಗ್ ಶೆಡ್ಡಿಗೆ ಹೋದೆವು. ಮಾಲೀಕ ಗೌಸ್ ಭಾಯಿ ಟೀ ತರಿಸಿದ.

"ಅಮ್ಮಾ, ಟ್ರ್ಯಾಕ್ಟರ್ ವಾಲಾ ಕುಂಡಾ ಲಗಾದೂಂ? ಹಾಥಿ ಕೋ ಬಾಂಧೋ ತೋ ಭೀ ಖೀಂಚತಾ" ಎಂದ. ಟ್ರ್ಯಾಕ್ಟರಿನ ಕೊಂಡಿ ಹಾಕಿದರೆ ಆನೆಯನ್ನೂ ಎಳೆಯಬಹುದಂತೆ.

"ಆನೆ ಬೇಡ, ರೊಟ್ಟಿ ಅಂಗಡಿ ಎಳೆದರೆ ಸಾಕು" ಎಂದೆ. ಟ್ರ್ಯಾಕ್ಟರಿನ ಕೊಂಡಿ ಸಡಿಲ, ಪ್ರತಿ ಹಳ್ಳದಲ್ಲೂ ಹಿಂದಕ್ಕೂ ಮುಂದಕ್ಕೂ ಗುದ್ದುತ್ತದೆ. ನನಗೆ ಆ ಗುಂಡು-ಬಟ್ಟಲಿನ ಬಾಲ್ ಹಿಚ್ಚೇ ಬೇಕೆಂದು ಹಟ ಹಿಡಿದೆ. ಬಂಪರ್ ಬೇಡ, ಚಾಸಿ ಎಂದೆ.

"ಆಪ್ ಕಾಯ್ಕೋ ಇತ್ತಾ ಟೆನ್ಶನ್ ಲೇ ರೇ ಅಮ್ಮಾ?" ಯಾಕಿಷ್ಟು ತಲೆಬಿಸಿ ಎಂದು ಅವನು ನಕ್ಕ. ಆದರೆ ಹೇಳಿದ ಹಾಗೇ ಮಾಡಿದ, ಅಚ್ಚುಕಟ್ಟಾಗಿ ಮಾಡಿದ. ಶಿವಮ್ಮನಿಗೆ ನಾಲ್ಕು ಚಕ್ರದ ದೊಡ್ಡದು ಬೇಕಿತ್ತು. ನಮ್ಮ ಪಿಕಪ್ಪಿಗೆ ವಯಸ್ಸಾಗಿದೆ, ಎರಡು ಚಕ್ರದ್ದು ಸಾಕೆಂದು ಒಪ್ಪಿಸಿದೆ. ಕಾಗದಪತ್ರಕ್ಕೆ ಅಲೆದದ್ದು ಬೇರೆಯೇ ರಾಮಾಯಣ, ಅದು ಇಲ್ಲಿ ಬೇಡ.

ಟ್ರೈಲರ್ ಮನೆಗೆ ಬಂತು. ತಿಳಿಹಸಿರು ಬಣ್ಣ, ಒಂದು ಪಕ್ಕ ತೆರೆಯುವ ಕಿಟಕಿ. ಶಿವಮ್ಮ ಅದರ ಸುತ್ತ ತಿರುಗುತ್ತ, ಸೀರೆ ಸೆರಗಿನಲ್ಲಿ ಒರೆಸುತ್ತ, "ನನ್ನ ಮನಿಗಿಂತ ಇದ ಛಲೋ ಐತ್ರಿ" ಎಂದಳು.

ಆಗ ಬಂದರು ನಮ್ಮ ಎದುರು ಮನೆಯ ವೆಂಕಟರಾವ್ ಗಾರು. ರೈಲ್ವೆಯಿಂದ ರಿಟೈರ್ ಆದವರು. ಬೀದಿಯಲ್ಲಿ ಯಾರೇ ಬಾಗಿಲು ಇಡಲಿ, ಬೋರ್ ಹೊಡೆಸಲಿ, ವಾಸ್ತು ಹೇಳುವವರು ಅವರೇ. ಒಳ್ಳೆಯ ಮನುಷ್ಯ, ಕಾಸು ಮುಟ್ಟುತ್ತಿರಲಿಲ್ಲ. ಟ್ರೈಲರ್ ಎಲ್ಲಿ ನಿಲ್ಲುತ್ತದೆ, ಮೂತಿ ಯಾವ ಕಡೆಗೆ ಎಂದು ಕೇಳಿದರು. ಆ ರಸ್ತೆ ಒನ್ ವೇ, ಮೂತಿ ಪಶ್ಚಿಮಕ್ಕೇ ನಿಲ್ಲಬೇಕು. ಹಾಗಾದರೆ ಒಲೆ, ಸಿಲಿಂಡರ್ ಆಗ್ನೇಯಕ್ಕೆ, ನೀರಿನ ಡ್ರಮ್ಮು ಈಶಾನ್ಯಕ್ಕೆ ಎಂದು ತೋರಿಸಿದರು. ಎರಡೂ ಟ್ರೈಲರಿನ ಹಿಂದಿನ ಮೂಲೆಗಳು.

"ರಾವ್ ಗಾರು, ಇದು ಮನೆಯಲ್ಲ, ಇದು ಓಡುತ್ತೆ" ಎಂದೆ. "ತಿರುವಿನಲ್ಲಿ ತಿರುಗಿದರೆ ನಿಮ್ಮ ಆಗ್ನೇಯ ಎಲ್ಲಿ ಹೋಗುತ್ತೆ?"

"ಅಡುಗೆ ಮಾಡುವಾಗ ಎಲ್ಲಿ ನಿಂತಿದೆ, ಅದೇ ಲೆಕ್ಕ ಅಮ್ಮಾ" ಎಂದರು ಅವರು, ತೆಲುಗಿನಲ್ಲಿ, ಬಹಳ ಶಾಂತವಾಗಿ. ಆಮೇಲೆ ಶಿವಮ್ಮನ ಕಡೆ ತಿರುಗಿ, ಹಿಂದೆ ನಿನ್ನ ಒಲೆ ಯಾವ ಮೂಲೆಯಲ್ಲಿತ್ತು ಎಂದು ಕೇಳಿದರು. ಅವಳು ಹೇಳಿದಳು. ಅವರು ಬಾಯಲ್ಲಿ ಲೊಚಗುಟ್ಟಿದರು, ಅಷ್ಟೇ.

ಶಿವಮ್ಮನ ಮುಖ ಬಿಳಿಚಿಕೊಂಡಿತು. "ಅಮ್ಮೋರ, ಅದಕ್ಕ ಲಾರಿ ಬಂದಿತ್ತು ನೋಡ್ರಿ. ಕೈ ಮುಗಿತೀನಿ, ಅವರು ಹೇಳಿದಂಗ ಮಾಡೂಣ್ರಿ."

ಅವಳ ಬದುಕು, ಅವಳ ಅಂಗಡಿ. ಆ ಭಯ ಇಟ್ಟುಕೊಂಡು ಅವಳು ಒಲೆ ಹಚ್ಚಲಾರಳು ಎನಿಸಿತು. ಕೊನೆಗೆ ಒಂದು ಕಾಂಪ್ರಮೈಸ್ ಆಯಿತು. ನಿಂತಿರುವಾಗ ಎಲ್ಲ ವಾಸ್ತು ಪ್ರಕಾರ. ಹೊರಡುವ ಮೊದಲು ಡ್ರಮ್ಮಿನ ನೀರು ಚೆಲ್ಲಿ, ಸಿಲಿಂಡರ್, ಒಲೆ, ಹಿಟ್ಟಿನ ಡಬ್ಬ ಮುಂದಕ್ಕೆ ತಂದು ಹಗ್ಗ ಕಟ್ಟುವುದು.

ಹಾಗೆಯೇ ನಡೆಯಿತು, ಬಹಳ ಚೆನ್ನಾಗಿಯೇ ನಡೆಯಿತು. ಮನೆಯಲ್ಲಿ ಮಾತಿಗೆ ಜನರಿಲ್ಲದ ನಾನೂ ಸಂಜೆ ಅವರ ಜೊತೆ ಹೋಗಿ, ಕುರ್ಚಿ ಹಾಕಿಕೊಂಡು ಶೇಂಗಾ ಚಟ್ನಿಪುಡಿ ಬಡಿಸುತ್ತಿದ್ದೆ. ಹುಡುಗರು ನನ್ನನ್ನು "ಚಟ್ನಿ ಮೇಡಂ" ಎನ್ನುತ್ತಿದ್ದರು. ಒಬ್ಬ ಬೀದರಿನವನು ದಿನಾ, "ಅಕ್ಕಾ, ಖಾರ ಕಮ್ಮಿ ಹಾಕಸ, ಮೇಡಂ ಕೈ ಭಾಳ ದೊಡ್ಡದ್ರಿ" ಎಂದು ಶಿವಮ್ಮನಿಗೆ ದೂರು ಹೇಳುತ್ತಿದ್ದ. ಯಜಮಾನರು ಹೋದ ಮೇಲೆ ನಾನು ನಕ್ಕದ್ದು ಆ ತಿಂಗಳುಗಳಲ್ಲೇ.

ಆ ದಿನ ಕತ್ತಲಾಗುವ ಮುಂಚೆಯೇ ಪೊಲೀಸರು ಬಂದರು. ಯಾರೋ ದೊಡ್ಡವರ ಕಾರುಗಳು ಆ ರಸ್ತೆಯಲ್ಲಿ ಬರುತ್ತವಂತೆ. ಹಿಂದೆ ಲಾರಿ ಒಂದೊಂದೇ ಬಂಡಿ ಎತ್ತಿಕೊಳ್ಳುತ್ತ ಬರುತ್ತಿತ್ತು. ನರಸಿಂಹುಲು ಇನ್ನೂ ಬಾಡಿಗೆಗೆ ಹೊರಡದೆ ಅಲ್ಲೇ ಪಕ್ಕದಲ್ಲಿ ಟೀ ಕುಡಿಯುತ್ತಿದ್ದವನು ಓಡಿಬಂದು ಪಿಕಪ್ ಹಿಂದಕ್ಕೆ ತಂದ. ಬಾಲ್ ಕೂತಿತು, ಲಾಕ್ ಬಿತ್ತು, ಚೈನು ಹಾಕಿದೆವು. ಅದರಲ್ಲಿ ಒಂದು ತಪ್ಪೂ ಆಗಲಿಲ್ಲ.

"ಡ್ರಮ್ ಖಾಲಿ ಮಾಡು ಶಿವಮ್ಮ" ಎಂದೆ. ಅವಳು ಡ್ರಮ್ಮು ಬಗ್ಗಿಸಲು ಹೋದಳು. ಕಾನ್‌ಸ್ಟೇಬಲ್ ಲಾಠಿ ಅಡ್ಡ ಹಿಡಿದ.

"ನೀಳ್ಳು ರೋಡ್ಡು ಮೀದ ಪೋಯೊದ್ದು! ಈಗಷ್ಟೇ ಗುಡಿಸಿ ಸುಣ್ಣ ಹಾಕಿದ್ದಾರೆ. ತೆಗೀರಿ, ತೆಗೀರಿ ಮೊದಲು!"

ನೀರು ಚೆಲ್ಲುವಂತಿಲ್ಲ. ತುಂಬಿದ ಡ್ರಮ್ಮು ಎತ್ತಿ ಮುಂದಕ್ಕಿಡಲು ನಮ್ಮಿಂದಾಗುವುದಿಲ್ಲ. ಒಲೆ ಕೆಂಡದ ಹಾಗೆ ಕಾದಿತ್ತು, ಮುಟ್ಟುವಂತಿರಲಿಲ್ಲ. ಗ್ಯಾಸ್ ಆಫ್ ಮಾಡಿದ್ದಷ್ಟೇ. ಲಾರಿ ಎರಡು ಬಂಡಿಗಳ ಆಚೆ ನಿಂತಿತ್ತು.

ಶಿವಮ್ಮ ಟ್ರೈಲರಿನೊಳಗೆ ಹತ್ತಿಬಿಟ್ಟಳು. "ನಾ ಒಳಗ ಕುಂತು ಹಿಡ್ಕೊಂತೀನ್ರಿ. ನಡೀರಿ."

"ಇಳಿಯೇ! ಓಡುವ ಟ್ರೈಲರಿನಲ್ಲಿ ಯಾರೂ ಕೂರಬಾರದು! ಶಿವಮ್ಮ, ಇಳಿ!"

"ಅವರು ಬಂದ್ರು ನೋಡ್ರಿ! ಹೋದ ಸಲ ಹಂಚ ಹೋತು, ಈ ಸಲ ಎಲ್ಲಾ ಹೋಗತೈತಿ. ನಡೀರಿ ಅಮ್ಮೋರ!" ಎಂದು ಒಳಗಿನಿಂದ ಕಿಟಕಿ ಎಳೆದುಕೊಂಡಳು.

ಕಾನ್‌ಸ್ಟೇಬಲ್ ಪಿಕಪ್ಪಿನ ಬಾನೆಟ್ ಬಡಿಯುತ್ತಿದ್ದ. ನರಸಿಂಹುಲು ಹೊರಟ. ನಿಧಾನ, ನಿಧಾನ ಎಂದು ನಾನು ಪಕ್ಕದಲ್ಲಿ ಕೂತು ಜಪದ ಹಾಗೆ ಹೇಳುತ್ತಿದ್ದೆ. ಮುಂದೆ ಎಲ್ಲಾದರೂ ನಿಲ್ಲಿಸಿ ಸರಿಮಾಡೋಣ ಎಂದರೆ, ಅಂದು ಪೊಲೀಸರು ಎಲ್ಲಿಯೂ ನಿಲ್ಲಲು ಬಿಡಲಿಲ್ಲ. ಕೈ ಬೀಸಿ ಬೀಸಿ ಎಲ್ಲ ಗಾಡಿಗಳನ್ನೂ ಫ್ಲೈಓವರಿಗೆ ಹತ್ತಿಸಿದರು. ಹತ್ತುವಾಗ ಏನೂ ಆಗಲಿಲ್ಲ. ಇಳಿಯುವಾಗ ಒಂದು ಸ್ಕೂಟರ್ ಅಡ್ಡ ಬಂತು. ನರಸಿಂಹುಲು ಬ್ರೇಕ್ ಮುಟ್ಟಿದ.

ಕನ್ನಡಿಯಲ್ಲಿ ನೋಡಿದೆ. ತಿಳಿಹಸಿರು ಬಣ್ಣ ಒಮ್ಮೆ ಬಲಕ್ಕೆ ಕಂಡಿತು, ಮರೆಯಾಯಿತು. ಎಡಗಡೆಯ ಕನ್ನಡಿಯಲ್ಲಿ ಕಂಡಿತು, ಮರೆಯಾಯಿತು. ಮತ್ತೆ ಬಲಕ್ಕೆ, ಇನ್ನೂ ಹೆಚ್ಚು. ವಿಡಿಯೋದಲ್ಲಿ ನೋಡಿದ್ದೆನಲ್ಲ, ಹಾಗೇ. ನನಗೆ ಎಲ್ಲ ಗೊತ್ತಿತ್ತು, ಈಗ ಏನಾಗುತ್ತದೆ, ಯಾಕೆ ಆಗುತ್ತದೆ ಎಂದು. ಗೊತ್ತಿದ್ದೂ ಏನೂ ಮಾಡಲಾಗದೆ ಸೀಟು ಹಿಡಿದುಕೊಂಡು ಕೂತಿದ್ದೆ. ಆಮೇಲೆ ಆ ಸದ್ದು.

ಟ್ರೈಲರ್ ಮಗ್ಗುಲಾಗಿ ಬಿದ್ದಿತ್ತು. ಬಾಲ್ ಬಿಟ್ಟಿರಲಿಲ್ಲ, ಚೈನು ತುಂಡಾಗಿರಲಿಲ್ಲ. ಶಿವಮ್ಮ ಬದುಕಿದ್ದಳು. ಅವಳ ಬಲಗೈ ಒಲೆಯ ಕಬ್ಬಿಣದ ಸ್ಟ್ಯಾಂಡಿನ ಕೆಳಗೆ ಸಿಕ್ಕಿಕೊಂಡಿತ್ತು. ಯಾರು ಯಾರೋ ಸ್ಕೂಟರ್ ನಿಲ್ಲಿಸಿ ಓಡಿಬಂದು ಎತ್ತಿದರು. ಅವಳು ಕೂಗಲಿಲ್ಲ. "ಸಿಲಿಂಡರ್ ನೋಡ್ರಿ, ಸಿಲಿಂಡರ್ ನೋಡ್ರಿ" ಎನ್ನುತ್ತಿದ್ದಳು.

ಆಸ್ಪತ್ರೆಯಲ್ಲಿ ಪ್ಲೇಟ್ ಹಾಕಿದರು. ಮೂಳೆ ಕೂಡಿತು, ಆದರೆ ನರಕ್ಕೆ ಪೆಟ್ಟಾಗಿತ್ತು. ಅಂಗೈ ಪೂರ್ತಿ ಬಿಚ್ಚುವುದಿಲ್ಲ, ಬೆರಳು ಪೂರ್ತಿ ಮಡಚುವುದಿಲ್ಲ. ಎಕ್ಸರ್‌ಸೈಜ್ ಮಾಡಿ, ನೋಡೋಣ ಎಂದರು ಡಾಕ್ಟರು. ಆ "ನೋಡೋಣ" ನನ್ನ ವಯಸ್ಸಿನವರಿಗೆ ಚೆನ್ನಾಗಿ ಅರ್ಥವಾಗುತ್ತದೆ.

ವೆಂಕಟರಾವ್ ಗಾರು ಹಣ್ಣು ತೆಗೆದುಕೊಂಡು ಅವಳನ್ನು ನೋಡಲು ಮನೆಗೆ ಬಂದರು. ಕಣ್ಣು ಕೆಂಪಾಗಿತ್ತು, ನಿಜವಾಗಿಯೂ ನೊಂದಿದ್ದರು. ಆದರೆ ಸುಮ್ಮನಿರಲಾರದೆ, ಆ ಫ್ಲೈಓವರ್ ಇಳಿಯುವುದು ನೈರುತ್ಯಕ್ಕೆ ಎಂದು ಶುರುಮಾಡಿದರು. "Please leave my house, ರಾವ್ ಗಾರು" ಎಂದೆ. ಆ ಮನುಷ್ಯ ತಲೆ ತಗ್ಗಿಸಿ ಹೋದರು. ಶಿವಮ್ಮ ನನ್ನ ಮೇಲೆಯೇ ಸಿಟ್ಟಾದಳು. "ಹಿರೇರಿಗೆ ಹಂಗ ಅಂತಾರೇನ್ರಿ? ಅವರೇನ ಕೈ ಹಿಡಕೊಂಡು ನೂಕಿದ್ರಾ?"

ಊರಿಗೆ ಹೋಗುವ ಹಿಂದಿನ ದಿನ ಅವಳು ನನ್ನ ಅಡುಗೆಮನೆಗೆ ಬಂದು ಜೋಳದ ಹಿಟ್ಟು ಕೇಳಿದಳು. ಬಿಸಿನೀರು ಹಾಕಿ ಎಡಗೈಯಲ್ಲಿ ನಾದಿದಳು. ಬಲಗೈ ಹಿಟ್ಟಿನ ಮೇಲಿಟ್ಟು ತಟ್ಟಿದಳು. ಹಿಟ್ಟು ಬಿರಿಯಿತು. ಒಟ್ಟುಗೂಡಿಸಿ ಮತ್ತೆ ತಟ್ಟಿದಳು, ಮತ್ತೆ ಬಿರಿಯಿತು. ನಾನು ನೋಡಲಾರದೆ, "ಕೊಡು, ನಾನು ಮಾಡ್ತೀನಿ, ನೀನು ಹೇಳು" ಎಂದೆ. ಅವಳು ಹೇಳಿದಳು, ನಾನು ತಟ್ಟಿದೆ.

"ಅಮ್ಮೋರ, ಇದು ರೊಟ್ಟಿ ಅಲ್ಲರಿ, ಎಮ್ಮಿ ಕುಳ್ಳು" ಎಂದು, ಸಗಣಿ ಬೆರಣಿಗೆ ಹೋಲಿಸಿ ನಕ್ಕಳು. ಆ ದಪ್ಪ ರೊಟ್ಟಿಯನ್ನೇ ಇಬ್ಬರೂ ಹಂಚಿಕೊಂಡು ತಿಂದೆವು. ತಿನ್ನುತ್ತಾ ತಿನ್ನುತ್ತಾ ಅವಳು ಮುಖ ಆಚೆ ತಿರುಗಿಸಿಕೊಂಡಳು.

ಈಗ ಅವಳು ಊರಿನಲ್ಲಿ ತಮ್ಮನ ಮನೆಯಲ್ಲಿದ್ದಾಳೆ. ಹಬ್ಬಕ್ಕೊಮ್ಮೆ ಫೋನ್ ಮಾಡುತ್ತಾಳೆ. ಕೈ ಹೇಗಿದೆ ಎಂದು ನಾನು ಕೇಳುವುದಿಲ್ಲ, ಅವಳು ಹೇಳುವುದಿಲ್ಲ. ಹೋದ ಸಲ ಮಾತಿನ ನಡುವೆ ಇದ್ದಕ್ಕಿದ್ದಂತೆ ಕೇಳಿದಳು, "ಅಮ್ಮೋರ, ನಮ್ಮ ಜಾಗಾದಾಗ ಈಗ ಯಾರ ನಿಂದರತಾರ್ರಿ?"

ಅಲ್ಲಿ ಈಗ ಮೊಮೊ ಮಾರುವವನು ನಿಲ್ಲುತ್ತಾನೆ. ನಮ್ಮ ಹುಡುಗರೇ ಅವನ ಸುತ್ತ ನಿಂತು ತಿನ್ನುವುದನ್ನು ನಾನು ನೋಡಿದ್ದೇನೆ.

"ಯಾರೂ ಇಲ್ಲ ಶಿವಮ್ಮ" ಎಂದೆ. "ಖಾಲಿ ಇದೆ."

"ಹೌದ್ರಿ?" ಎಂದಳು. ಎಷ್ಟೋ ದಿನದ ಮೇಲೆ ಅವಳ ದನಿಯಲ್ಲಿ ಜೀವ ಬಂದಿತ್ತು. "ಹಂಗಾರ ಛಲೋ ಆತು. ಒಂದೀಟ ತಡೀರಿ. ಬಂದೇ ಬರ್ತೀನಿ."

ಬಾ ಎಂದೆ. ಅವಳ ಕೈ ಹೋದದ್ದಕ್ಕೆ ಯಾರ ಮೇಲೆ ಸಿಟ್ಟಾಗಲಿ ಎಂದು ನನಗೆ ಈಗಲೂ ಗೊತ್ತಿಲ್ಲ. ಅವಳು ನಿಜವಾಗಿಯೂ ಒಂದು ದಿನ ಗಂಟುಮೂಟೆ ಹೊತ್ತು ಬಾಗಿಲಿಗೆ ಬಂದು ನಿಂತರೆ ಏನು ಹೇಳಲಿ ಎಂಬ ಹೆದರಿಕೆ ಇದೆ. ಬರುವುದೇ ಇಲ್ಲವಲ್ಲ ಎಂಬುದು ಅದಕ್ಕಿಂತ ದೊಡ್ಡದಾಗಿ ಎದೆಯಲ್ಲಿ ಕೂತಿದೆ.