ಮಾದಸ್ವಾಮಿಯವರ ಹಕಾರ

ಬಂಡಳ್ಳಿಯ ಮಾದಸ್ವಾಮಿಯವರು ಕೊಳ್ಳೇಗಾಲ ತಾಲ್ಲೂಕು ಮೈಸೂರು ರಾಜ್ಯಕ್ಕೆ ಸೇರಿದ ವರ್ಷದಿಂದ ಮಕ್ಕಳಿಗಾಗಿ ರಾಜರ ಕಾದಂಬರಿ ಬರೆಯುತ್ತಿದ್ದಾರೆ. ಊರಿನ ಬಾಯಲ್ಲಿ ‘ಹೋಗು’ ಎಂಬುದು ‘ಓಗು’ ಆಗುವುದರಿಂದ, ಬರೆಯುವಾಗ ಎಲ್ಲಿ ಹಕಾರ ತಪ್ಪಿತೋ ಎಂಬ ಭಯ ಅವರಿಗೆ. ಅದಕ್ಕೇ ಅನುಮಾನ ಬಂದ ಕಡೆಯೆಲ್ಲ ಒಂದು ಹಕಾರ ಹಾಕಿಬಿಡುತ್ತಾರೆ. ಅವರ ಹರಸರು ಹಾನೆ ಹೇರಿಯೇ ಯುದ್ಧಕ್ಕೆ ಹೊರಡುತ್ತಾರೆ. ಕೊಳ್ಳೇಗಾಲದ ಪ್ರೆಸ್ಸಿನ ರಾಮಲಿಂಗಯ್ಯನವರು ಒಂದೊಂದೇ ಅಚ್ಚಿನ ಮೊಳೆ ಕಿತ್ತು ಅರಸರನ್ನೂ ಆನೆಗಳನ್ನೂ ಸರಿಮಾಡುತ್ತಾರೆ; ಇವರು ವಿಧೇಯವಾಗಿ ತಲೆಯಾಡಿಸುತ್ತಾರೆ. ಅರ್ಪಣೆಯ ಪುಟವನ್ನು ಮಾತ್ರ ಮುಟ್ಟಗೊಡುವುದಿಲ್ಲ. ಏಳು ಪುಸ್ತಕಗಳಲ್ಲೂ ಅಲ್ಲಿ ‘ಹವ್ವನಿಗೆ’ ಎಂದೇ ಇದೆ. ‘ಇದೂ ತಪ್ಪೇ ಕಣಯ್ಯ, ಅವ್ವ ಅಂತಿರಬೇಕು’ ಎಂದು ರಾಮಲಿಂಗಯ್ಯನವರು ಪ್ರತಿ ಸಲವೂ ಹೇಳುತ್ತಾರೆ. ‘ಗೊತ್ತು ಸಾ’ ಎಂದು ಇವರೂ ಪ್ರತಿ ಸಲ ಹೇಳುತ್ತಾರೆ. ‘ನಮ್ಮವ್ವಂಗೆ ಒಂದಕ್ಸರಾನೂ ಬತ್ತಿರ್ನಿಲ್ಲ. ಒಂದು ಎಚ್ಗೇನೇ ಇರ್ಲಿ ಬುಡಿ.’