ಅಪ್ಪ ಕಡಲಲ್ಲಿದ್ದಾಗ ತೆಗೆದ ಶಾಟ್

ನಾಟಕ ಮತ್ತು ಸಿನಿಮಾ ಕಲಿಸುವ ಡಿಗ್ರಿ ಒಂದಿದೆ ಎಂದರೆ ಮೀನುಗಾರರ ನಮ್ಮೂರು ತೆಂಗಿನಗುಂಡಿಯಲ್ಲಿ ಯಾರೂ ನಂಬುತ್ತಿರಲಿಲ್ಲ. ನಾನು ಮಂಗಳೂರಿಗೆ ಹೋಗಿ ಅದಕ್ಕೇ ಸೇರಿದಾಗ ಅಕ್ಕಪಕ್ಕದ ಹೆಂಗಸರು, "ಕಲ್ತು ಎಂತ ಆಗ್ತಿ? ಹೀರೋಯಿನ್ನಾ?" ಎಂದು ನಗಾಡಿದ್ದರು. ಅಪ್ಪ ಮಾತ್ರ ಬಲೆ ಬಿಡಿಸುತ್ತಾ ಕೂತವರ ಹತ್ತಿರವೆಲ್ಲ "ನನ್ನ ಮಗಳು ಡೈರೆಕ್ಟರು" ಎಂದು ಹೇಳಿಕೊಂಡು ತಿರುಗುತ್ತಿದ್ದರು. ಆಗಿನ್ನೂ ನನಗೆ ಕ್ಯಾಮೆರಾ ನೆಟ್ಟಗೆ ಹಿಡಿಯಲೂ ಬರುತ್ತಿರಲಿಲ್ಲ.

ಮೂರನೆಯ ವರ್ಷ ಪ್ರತಿಯೊಬ್ಬರೂ ಒಂದು ಕಿರುಚಿತ್ರ ಮಾಡಿ ಪರೀಕ್ಷೆಗೆ ಕೊಡಬೇಕು. ಕಡಲ ಬದಿಯವಳು ಕಡಲಿನ ಕತೆಯನ್ನೇ ಮಾಡು ಎಂದರು ಮೇಷ್ಟ್ರು. ಮೀನಿಗೆ ಹೋದ ಗಂಡ ತಿರುಗಿ ಬಾರದ ಒಬ್ಬ ಹೆಂಗಸಿನ ಕತೆ ಬರೆದೆ. ಹೊಸ್ತಿಲ ಮೇಲೆ ಕೂತು ಅವಳು ಬಳೆ ತೆಗೆದು, ಹಣೆಯ ಕುಂಕುಮ ಒರೆಸಿಕೊಳ್ಳುವುದು ಕೊನೆಯ ಶಾಟ್. ನನ್ನ ಕ್ಲಾಸಿನ ಹುಡುಗಿಯರನ್ನು ಕೂರಿಸಿ ನೋಡಿದೆ. ಸೀರೆ ಉಡಿಸಿದರೂ ಅವರು ಬಸ್‌ಸ್ಟ್ಯಾಂಡಿನಲ್ಲಿ ಕೂತಂತೆಯೇ ಕೂರುತ್ತಿದ್ದರು. ಕೊನೆಗೆ ಕಾಲೇಜಿನ ಕ್ಯಾಮೆರಾ ಹೊತ್ತುಕೊಂಡು ರೈಲು ಹತ್ತಿ ಊರಿಗೇ ಬಂದು ಅಮ್ಮನನ್ನು ಕೇಳಿದೆ.

"ಥೂ, ಎಂತ ಕೆಟ್ಟ ಮಾತು ಆಡ್ತಿ!" ಎಂದಳು ಅಮ್ಮ. ಒಳಗೆ ಹೋದವಳು ತಿರುಗಿ ಬಂದು, "ಮಾಡದೇ ಇದ್ರೆ ಮಾರ್ಕು ಹೋಗ್ತದಾ?" ಎಂದಳು. ಹೋಗ್ತದೆ ಎಂದೆ. ಅಲ್ಲಿಗೆ ಒಪ್ಪಿದಳು. ಕರಿಮಣಿ ಮಾತ್ರ ತೆಗೆಯುವುದಿಲ್ಲ, ಸೆರಗಿನೊಳಗೆ ಮುಚ್ಚಿಕೊಳ್ಳುತ್ತೇನೆ ಎಂದಳು. ಇನ್ನೊಂದು, "ನಿನ್ನಪ್ಪನ ಎದುರಿಗೆ ನಂಗೆ ನಾಚಿಕೆ. ಅವ್ರು ಕಡಲಿಗೆ ಹೋದಾಗ ತೆಗಿ."

ಆಗ ಅದು ನಮ್ಮಿಬ್ಬರಿಗೂ ಸರಿಯಾಗಿಯೇ ಕಂಡಿತು, ಬೇರೆ ಯೋಚನೆ ಹೊಳೆಯಲೇ ಇಲ್ಲ. ಗಂಡ ನೀರಿನ ಮೇಲಿರುವಾಗ ಹೆಂಡತಿ ಹಣೆ ಬರಿದು ಮಾಡಿಕೊಳ್ಳುವುದೆಂದರೆ ನಮ್ಮಲ್ಲಿ ಕೆಟ್ಟದ್ದನ್ನು ಕೈಬೀಸಿ ಕರೆದ ಹಾಗೆ. ಊರಿನ ಯಾವ ಮುದುಕಿಗೆ ಹೇಳಿದ್ದರೂ ಬೈದು ತಡೆಯುತ್ತಿದ್ದಳು. ನಾವು ಯಾರಿಗೂ ಹೇಳಲಿಲ್ಲ.

ಅಪ್ಪನದು ಸಣ್ಣ ದೋಣಿ, ಹಿಂದೊಂದು ಎಂಜಿನ್, ಜೊತೆಗೊಬ್ಬ ಆಳು. ನಸುಕಿಗೆ ಹೋದರೆ ಬಿಸಿಲು ಏರುವುದರೊಳಗೆ ಬಂದುಬಿಡುತ್ತಾರೆ. ಅವರು ಹೋದ ಮೇಲೆ ಬೆಳಕು ಚೆನ್ನಾಗಿ ಬರಲಿ ಎಂದು ಕಾದು ಶಾಟ್ ತೆಗೆದೆ. ಅಮ್ಮ ಹೇಗೆ ಮಾಡುತ್ತಾಳೋ ಎಂದುಕೊಂಡಿದ್ದೆ. ಅವಳು ಬಳೆಗಳನ್ನು ಒಂದೊಂದಾಗಿ ತೆಗೆದು ಮಡಿಲಲ್ಲಿಟ್ಟಳು. ಹಣೆಗೆ ಕೈ ಒಯ್ದವಳು ಅಲ್ಲೇ ತಡೆದಳು. ಆಮೇಲೆ ಅಂಗೈಯಿಂದ ಒರೆಸಿಕೊಂಡು ಆ ಕೆಂಪು ಕೈಯನ್ನೇ ನೋಡುತ್ತಾ ಅಳತೊಡಗಿದಳು. ನನಗೆ ಖುಷಿಯೋ ಖುಷಿ. ಮೂರು ವರ್ಷ ಕ್ಲಾಸಿನಲ್ಲಿ ಕೂತು ನಾವು ಯಾರೂ ಕಲಿಯದ್ದು ಅದು.

ಬಿಸಿಲು ಏರಿತು. ಉಳಿದವರ ದೋಣಿಗಳು ಒಂದೊಂದಾಗಿ ಬಂದವು. ಅಪ್ಪನದು ಬರಲಿಲ್ಲ. ಪಕ್ಕದ ಮನೆಯ ಅಕ್ಕ ಮೀನಿನ ಬುಟ್ಟಿ ಹೊತ್ತುಕೊಂಡೇ ಬಂದು, "ನಿಮ್ಮನೆಯವ್ರು ಬಂದ್ರಾ? ಗಾಳಿ ಎದ್ದದೆ" ಎಂದು ಕೇಳಿದಾಗ ಅಮ್ಮನ ಹಣೆಯಲ್ಲಿ ಎಂದೂ ಇಲ್ಲದಷ್ಟು ದೊಡ್ಡ ಕುಂಕುಮವಿತ್ತು. ಪೆಟ್ಟಿಗೆಯಲ್ಲಿದ್ದ ಬಳೆಗಳನ್ನೂ ತೆಗೆದು ಎರಡೂ ಕೈಗೆ ತುಂಬಿಕೊಂಡಿದ್ದಳು. ಅಪ್ಪನ ಫೋನು ಹತ್ತುತ್ತಲೇ ಇರಲಿಲ್ಲ.

ಹಾಸ್ಟೆಲಿನಲ್ಲಿ ಶಕುನ, ಅಪಶಕುನ ಎಂದವರ ಜೊತೆ ಜಗಳವಾಡುತ್ತಿದ್ದವಳು ನಾನೇ. ಆ ಮಧ್ಯಾಹ್ನ ಅಮ್ಮನ ಹಣೆಯ ಕುಂಕುಮ ಸರಿಯಾಗಿದೆಯೇ ಎಂದು ಮತ್ತೆ ಮತ್ತೆ ನೋಡುತ್ತಿದ್ದವಳೂ ನಾನೇ. ನಟಿ ನಂಬಿದರೆ ನೋಡುವವರೂ ನಂಬುತ್ತಾರೆ ಎಂದು ಮೇಷ್ಟ್ರು ಹೇಳುತ್ತಿದ್ದರು. ಅಮ್ಮ ನಂಬಿಯೇ ಅತ್ತಿದ್ದಳಲ್ಲ, ಅದನ್ನು ಕಡಲೂ ನಂಬಿಬಿಟ್ಟಿತೋ ಏನೋ! ಸ್ವಲ್ಪ ಕೆಟ್ಟದಾಗಿ ಮಾಡಬಾರದಿತ್ತೇ ಇವಳು ಎಂದು ಸಿಟ್ಟು ಬಂತು. ಗಂಜಿ ಬಡಿಸಿದ್ದು ಹಾಗೇ ಆರಿತು.

"ಅದನ್ನ ಅಳಿಸು" ಎಂದಳು ಅಮ್ಮ.

"ಅದಕ್ಕೂ ಇದಕ್ಕೂ ಎಂತ ಸಂಬಂಧ ಅಮ್ಮ?"

"ಎಂತದೂ ಇಲ್ಲ. ಅಳಿಸು."

ಅಳಿಸಲೇ ಎಂದು ಕ್ಯಾಮೆರಾ ಇನ್ನೊಮ್ಮೆ ಕೇಳಿತು. ಒತ್ತಿದೆ. ಇಬ್ಬರೂ ತಲೆ ಎತ್ತಿ ಕಡಲು ನೋಡಿದೆವು, ಅಷ್ಟಕ್ಕೇ ದೋಣಿ ಬಂದುಬಿಡುತ್ತದೆ ಅನ್ನುವವರ ಹಾಗೆ. ಏನೂ ಇರಲಿಲ್ಲ. ನಿಜವಾದ ಹೆದರಿಕೆ ಶುರುವಾದದ್ದು ಆಗ. ಇನ್ನು ನಮ್ಮ ಕೈಯಲ್ಲಿ ಮಾಡುವಂಥದ್ದು ಏನೂ ಉಳಿದಿರಲಿಲ್ಲ.

ಹೊತ್ತು ಇಳಿಯುವಾಗ ಮುರ್ಡೇಶ್ವರದ ಕಡೆಯವರ ದೋಣಿಯೊಂದು ಅಪ್ಪನ ದೋಣಿಗೆ ಹಗ್ಗ ಕಟ್ಟಿ ಎಳೆದುಕೊಂಡು ಬಂತು. ಎಂಜಿನ್ ಕೆಟ್ಟು ಗಾಳಿ ಒಯ್ದತ್ತ ಹೋಗಿದ್ದರಂತೆ. ದಡದಲ್ಲಿ ಕೂಡಿದ್ದ ಜನರನ್ನು ನೋಡಿ ಅಪ್ಪ, "ಎಂಜಿನ್ ಕೆಟ್ಟಿದ್ದಕ್ಕೆ ಇಷ್ಟು ಜನ ಎಂತಕ್ಕೆ? ಹೆದರೂದು ಎಂತ ಬಂತು ಇದ್ರಲ್ಲಿ?" ಎಂದರು. ಅಮ್ಮ ಅಷ್ಟೂ ಜನರ ಎದುರಿಗೆ ಅವರಿಗೆ ಬೈದಳು. ಅಪ್ಪ ಊಟಕ್ಕೆ ಕೂತಾಗ ಎಲ್ಲವನ್ನೂ ಅವಳೇ ಹೇಳಿದಳು. ಅಪ್ಪ ಅನ್ನ ನೆತ್ತಿಗೇರುವಷ್ಟು ನಕ್ಕರು.

"ನಾ ಇಲ್ಲದಾಗ ಇಬ್ರೂ ಸೇರಿ ನನ್ನನ್ನ ಕೊಂದ್ರಲ್ಲೇ! ಆತು, ನಾಳೆ ಇನ್ನೊಂದ್ಸಲ ತೆಗಿ. ನಾನೇ ಎದುರಿಗೆ ಕೂತ್ಕಳ್ತೆ. ಎಂತ ಆಗ್ತದೆ ನೋಡ್ವ."

ಮರುದಿನ ಅವರು ಕ್ಯಾಮೆರಾದ ಪಕ್ಕ ಕುರ್ಚಿ ಹಾಕಿಕೊಂಡು ಕೂತರು. ಅಮ್ಮ ಹೊಸ್ತಿಲಲ್ಲಿ ಕೂತಳು. ಮೊದಮೊದಲು ಅಪ್ಪ ಹಲ್ಲು ಕಿರಿಯುತ್ತಿದ್ದರು, ಅಮ್ಮ ನಗು ಬಂದು ಮುಖ ತಿರುಗಿಸುತ್ತಿದ್ದಳು. ಆಮೇಲೆ ಅವಳು ಅವರನ್ನೇ ನೋಡುತ್ತಾ ಬಳೆ ತೆಗೆದಳು. ಅವರನ್ನೇ ನೋಡುತ್ತಾ ಕುಂಕುಮ ಒರೆಸಿಕೊಂಡಳು. ಹಿಂದಿನ ದಿನ ದಡದಲ್ಲಿ ಅಳದೇ ಉಳಿಸಿಕೊಂಡದ್ದೆಲ್ಲ ಆಗ ಹೊರಗೆ ಬಂತು. ಆ ದನಿ ಕೇಳಿ ಕ್ಯಾಮೆರಾದ ಹಿಂದೆ ನಿಂತಿದ್ದ ನಾನೇ ಹೆದರಿದೆ.

ಅಪ್ಪ ಕುರ್ಚಿ ಬೀಳಿಸಿಕೊಂಡು ಎದ್ದರು. "ಸಾಕು, ಸಾಕು ಮಾರಾಯ್ತಿ, ನಾ ಇಲ್ಲೇ ಇದ್ದೆ ಅಲ್ವನೇ" ಎನ್ನುತ್ತಾ ಹೋಗಿ ಅವಳ ಎದುರು ಕುಕ್ಕರಗಾಲಿನಲ್ಲಿ ಕೂತು, ಬಳೆಗಳನ್ನು ಒಂದೊಂದಾಗಿ ತಿರುಗಿ ತೊಡಿಸತೊಡಗಿದರು. ಇಡೀ ಹಗಲು ಕೆಟ್ಟ ಎಂಜಿನ್ ಇಟ್ಟುಕೊಂಡು ತೇಲಿಯೂ ಹೆದರದ ಮನುಷ್ಯ ಅವಸರದಲ್ಲಿ ಬಳೆಗಳನ್ನು ಅಡ್ಡಡ್ಡ ತುರುಕುತ್ತಿದ್ದರು. ಒಂದು ಬಳೆ ಒಡೆಯಿತು. ನಾನು ಕಟ್ ಎನ್ನಲಿಲ್ಲ.

ಇನ್ನೊಂದು ಸಲ ಮಾಡು ಎಂದು ಅವಳನ್ನು ಕೇಳುವ ಧೈರ್ಯ ನನಗಿರಲಿಲ್ಲ. ಅಪ್ಪ ಎದ್ದು ಬಂದದ್ದನ್ನೂ ಕತ್ತರಿಸದೆ ಅದನ್ನೇ ಪರೀಕ್ಷೆಗೆ ಕೊಟ್ಟೆ. ಕಾಲೇಜಿನಲ್ಲಿ ತೋರಿಸಿದ ದಿನ, ದೀಪ ಹಾಕಿದ ಮೇಲೆ, ಹೊರಗಿನಿಂದ ಬಂದಿದ್ದ ಪರೀಕ್ಷಕರು ಹಾಳೆಯಲ್ಲಿ ಏನೋ ಗುರುತು ಹಾಕಿಕೊಂಡು ಕೇಳಿದರು.

"ಕತೆಯಲ್ಲಿ ಗಂಡ ಸತ್ತಿದ್ದಾನಲ್ಲಮ್ಮ. ಕೊನೆಯಲ್ಲಿ ಬರುವ ಆ ಗಂಡಸು ಯಾರು?"

"ನಮ್ಮ ಅಪ್ಪ ಸರ್" ಎಂದೆ. "ವಾಪಸ್ ಬಂದ್ರು."